ದುಂಡು ಸೊಂಟಕ್ಕೆ ಒಪ್ಪಿ ಕೂರುವ ಬೆಲ್ಲಿ ಡ್ಯಾನ್ಸ್ ಬೆಲ್ಟ್

ಭರತನಾಟ್ಯದ ಡಾಬು ನಡುವಿನ ಕಿರಿದಾದ ಜಾಗದಲ್ಲಿ ಕೂರುತ್ತದೆ. ಅದರ ಮೇಲೂ ಕೆಳಗೂ ಮೈ ಅಗಲವಾಗುವುದರಿಂದ ನೇರ ಪಟ್ಟಿಯಾದರೂ ನಡೆಯುತ್ತದೆ. ಬೆಲ್ಲಿ ಡ್ಯಾನ್ಸ್ ಬೆಲ್ಟಿನ ಜಾಗವೇ ಬೇರೆ. ನರ್ತಕಿ ಬದಿಯಾ ಮಸಾಬ್ನಿ 1926ರಲ್ಲಿ ಕೈರೋದಲ್ಲಿ ತೆರೆದ, ಹಾಡು ಕುಣಿತ ನಡೆಯುತ್ತಿದ್ದ ಕ್ಯಾಸಿನೊದಂಥ ರಂಗಗಳಲ್ಲಿ ಹೆಸರಾದ ಬೆದ್ಲಾ ಉಡುಪಿನಲ್ಲಿ, ಅಂದರೆ ಮಣಿ ಕಸೂತಿಯ ಬ್ರಾ ಮತ್ತು ಬೆಲ್ಟಿನ ಜೋಡಿಯಲ್ಲಿ, ಬೆಲ್ಟ್ ಹೊಕ್ಕುಳಿನಿಂದ ಮೂರು ನಾಲ್ಕು ಇಂಚು ಕೆಳಗಿರುತ್ತದೆ. ಅಲ್ಲಿ ಮೈ ಇಳಿಜಾರು. ಮೈತುಂಬಿಕೊಂಡವರಲ್ಲಿ ಆ ಇಳಿಜಾರು ಇನ್ನೂ ಕಡಿದು.

ಇಲ್ಲೇ ಹೆಚ್ಚಿನವರು ಎಡವುವುದು. ಸೊಂಟದ ಸುತ್ತಳತೆ ಒಂದೇ ಸಲ ತೆಗೆದು, ಐದು ಇಂಚಿನ ನೇರ ಪಟ್ಟಿ ಕತ್ತರಿಸಿ, ಹುಕ್ಕು ಹಾಕಿ ಬಿಗಿಯುತ್ತಾರೆ. ಕೆಳ ಅಂಚು ಮಾಂಸಕ್ಕೆ ಕಚ್ಚಿಕೊಳ್ಳುತ್ತದೆ, ಮೇಲಂಚು ಬೆನ್ನ ಹಿಂದೆ ಬಾಯಿ ಬಿಡುತ್ತದೆ. ನಾಲ್ಕು ಹೆಜ್ಜೆ ಕುಣಿಯುವಷ್ಟರಲ್ಲಿ ಬೆಲ್ಟ್ ಕಿರಿದಾದ ಜಾಗ ಹುಡುಕಿಕೊಂಡು ನಡುವಿಗೆ ಏರುತ್ತದೆ. ಆಗ ಇನ್ನಷ್ಟು ಬಿಗಿ ಮಾಡಿದರೆ ಇನ್ನಷ್ಟು ಬೇಗ ಏರುತ್ತದೆ. ತಪ್ಪು ಮೈಯದಲ್ಲ, ಪಟ್ಟಿಯದು.

ಅಳತೆ

ಕುಣಿಯುವಾಗ ತೊಡುವ ಒಳ ಉಡುಪು, ಲಂಗ ತೊಟ್ಟೇ ಅಳತೆ ಕೊಡಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಮಂಡಿ ತುಸು ಸಡಿಲಿಸಿ, ನೃತ್ಯಕ್ಕೆ ನಿಲ್ಲುವ ಭಂಗಿಯಲ್ಲೇ ನಿಲ್ಲಿ. ಸೆಟೆದು ನಿಂತರೆ ಬೆನ್ನಿನ ಬಾಗು ಬದಲಾಗಿ ಹಿಂಭಾಗದ ಅಳತೆ ತಪ್ಪುತ್ತದೆ. ಬೆಲ್ಟಿನ ಮೇಲಂಚು ಬರುವಲ್ಲಿ ಒಂದು ದಾರ, ಅದಕ್ಕಿಂತ ಐದು ಇಂಚು ಕೆಳಗೆ ಇನ್ನೊಂದು ದಾರ ಕಟ್ಟಿ. ಎರಡೂ ಪಕ್ಕಗಳಲ್ಲಿ ಕಂಕುಳಿನ ನೇರಕ್ಕೆ ಗುರುತು ಹಾಕಿ. ಬೆಲ್ಟ್ ಮುಂದೊಂದು, ಹಿಂದೊಂದು ತುಂಡಾಗಿದ್ದು ಪಕ್ಕಗಳಲ್ಲಿ ಹುಕ್ಕಿನಿಂದ ಸೇರುತ್ತದೆ, ಹಾಗಾಗಿ ನಾಲ್ಕು ಅಳತೆ ಬೇಕು: ಮುಂದೆ ಮೇಲೆ, ಮುಂದೆ ಕೆಳಗೆ, ಹಿಂದೆ ಮೇಲೆ, ಹಿಂದೆ ಕೆಳಗೆ. ಬೇರೆಯವರು ಟೇಪು ಹಿಡಿಯಲಿ. ತಾನೇ ಬಗ್ಗಿ ಅಳೆದುಕೊಂಡ ಲೆಕ್ಕ ನಂಬುವಂಥದ್ದಲ್ಲ.

ಉದಾಹರಣೆಗೆ ಮುಂಭಾಗ ಮೇಲೆ 19½ ಇಂಚು, ಕೆಳಗೆ 20½. ಹಿಂಭಾಗ ಮೇಲೆ 20½, ಕೆಳಗೆ 24 ಬಂತೆನ್ನಿ. ಒಟ್ಟು ವ್ಯತ್ಯಾಸ 4½ ಇಂಚು. ಅದರಲ್ಲಿ 3½ ಹಿಂದೆಯೇ ಇದೆ. ಒಟ್ಟು ಸುತ್ತಳತೆಯನ್ನು ಅರ್ಧರ್ಧ ಹಂಚಿ ಕತ್ತರಿಸಿದ ಬೆಲ್ಟ್ ಹಿಂದೆ ಬಾಯಿ ಬಿಡುವುದು ಇದಕ್ಕೇ. ಹೊಟ್ಟೆ ಮುಂದಿರುವವರಲ್ಲಿ ಮುಂಭಾಗದ ಮೇಲಿನ ಅಳತೆಯೇ ಕೆಳಗಿನದಕ್ಕಿಂತ ಹೆಚ್ಚಾಗಬಹುದು. ಗಾಬರಿಯಾಗಿ ತಿದ್ದಬೇಡಿ, ಬಂದದ್ದನ್ನೇ ಬರೆದುಕೊಳ್ಳಿ. ಅಂಥವರಿಗೆ ಮುಂದಿನ ತುಂಡಿನ ಬಾಗು ತಿರುವುಮುರುವಾಗುತ್ತದೆ, ಅಷ್ಟೇ.

ಕಾಗದದ ಮೇಲೆ ಬಾಗು ತರುವುದು

ಇಡೀ ಕೆಲಸದ ಜೀವ ಇಲ್ಲಿದೆ, ಅವಸರ ಬೇಡ. ಹಿಂಭಾಗಕ್ಕೆ 24 ಇಂಚು ಉದ್ದ, 5 ಇಂಚು ಎತ್ತರದ ಬ್ರೌನ್ ಪೇಪರ್ ಪಟ್ಟಿ ಕತ್ತರಿಸಿ. ಕಳೆಯಬೇಕಾದದ್ದು 3½ ಇಂಚು. ಎರಡೂ ತುದಿಗಳಲ್ಲಿ ಮೇಲೆ ಅರ್ಧರ್ಧ ಇಂಚು ಓರೆಯಾಗಿ ಕತ್ತರಿಸಿದರೆ ಒಂದು ಇಂಚು ಹೋಯಿತು. ಉಳಿದ 2½ ಇಂಚನ್ನು ಐದು ಕಡೆ ಹಂಚಿ: ಬೆನ್ನಿನ ನಡುವೆ ಒಂದು, ದರ್ಜಿಗಳು ಸೀಟ್ ಎನ್ನುವ ಉಬ್ಬಿನ ನೆತ್ತಿಗೆ ಎಡಬಲ ಒಂದೊಂದು, ಅಲ್ಲಿಂದ ಪಕ್ಕಕ್ಕೆ ಮತ್ತೆ ಒಂದೊಂದು. ಪ್ರತಿ ಕಡೆಯೂ ಮೇಲಂಚಿನಿಂದ ಕೆಳಕ್ಕೆ ಕತ್ತರಿಸುತ್ತ ಬನ್ನಿ, ಕೆಳಗೆ ಒಂದು ಎಳೆಯಷ್ಟು ಕಾಗದ ಉಳಿಸಿ. ಮೇಲೆ ಅರ್ಧ ಇಂಚು ಒಂದರ ಮೇಲೊಂದು ಸರಿಸಿ ಅಂಟಿಸಿ. ಪಟ್ಟಿ ತಾನಾಗಿ ಬಾಗಿ, ತುದಿಗಳು ಮೇಲೆದ್ದ ಬಾಳೆಹಣ್ಣಿನ ಆಕಾರಕ್ಕೆ ಬರುತ್ತದೆ. ಮೂಲೆ ಮೂಲೆಯಾದ ಅಂಚನ್ನು ಕೈಯಿಂದ ನಯವಾದ ಗೆರೆಯಾಗಿ ತಿದ್ದಿ, ಮತ್ತೆ ಟೇಪು ಹಿಡಿದು ಮೇಲೆ 20½, ಕೆಳಗೆ 24 ಇದೆಯೇ ನೋಡಿ.

ಐದನ್ನೂ ಒಂದೇ ಜಾಗದಲ್ಲಿ ದೊಡ್ಡ ಟಕ್ಸ್ ಆಗಿ ಹಿಡಿಯುವ ಅಡ್ಡದಾರಿ ಬೇಡ. ಮೈ ಒಂದೇ ಕಡೆ ತಿರುಗುವುದಿಲ್ಲ. ಟಕ್ಸ್‌ನ ತುದಿ ಮೊನೆಯಾಗಿ ಎದ್ದು, ಮೇಲೆ ಕೂರಿಸಿದ ಮಣಿಯೂ ಎದ್ದು ಕಾಣುತ್ತದೆ. ಆದರೆ ಬೆನ್ನು ತುಂಬ ಬಾಗಿದವರಿಗೆ ನಡುವಿನ ಒಂದನ್ನು ಮುಕ್ಕಾಲು ಇಂಚು ಮಾಡಿ, ಹೆಚ್ಚಿದ ಕಾಲು ಇಂಚನ್ನು ಪಕ್ಕದವುಗಳಲ್ಲಿ ಹಂಚಿ ಕಳೆಯಬಹುದು.

ಮುಂಭಾಗಕ್ಕೆ ಒಂದೇ ಇಂಚು ಕಳೆಯುವುದಿದೆ. ಎರಡು ತುದಿಗಳಲ್ಲಿ ಅರ್ಧರ್ಧ ತೆಗೆದರೆ ಮುಗಿಯಿತು. ಕೆಳ ಅಂಚಿಗೆ ಸೊಗಸಾದ ಆಕಾರ ಕೊಡುವುದು ಇದಾದ ಮೇಲೆ. ಪಕ್ಕಗಳಲ್ಲಿ ಎತ್ತರವನ್ನು 3½ ಇಂಚಿಗೆ ಇಳಿಸಿ, ಹಿಂದೆ 5 ಇರಲಿ. ತುಂಬಿದ ಸೊಂಟಕ್ಕೆ ಎರಡು ಇಂಚಿನ ಸಣ್ಣ ಪಟ್ಟಿ ಚೆಂದವೆಂದು ಹೇಳುವವರ ಮಾತು ಕೇಳಬೇಡಿ. ಸಣ್ಣ ಪಟ್ಟಿ ಭಾರವನ್ನೆಲ್ಲ ಒಂದು ಗೆರೆಯ ಮೇಲೆ ಹಾಕಿ ಮಾಂಸದೊಳಗೆ ಇಳಿಯುತ್ತದೆ. ಅಗಲದ ಪಟ್ಟಿ ಭಾರ ಹಂಚುತ್ತದೆ.

ಕಚ್ಚಾ ಬೆಲ್ಟ್

ಹಳೆಯ ಜೀನ್ಸ್ ಬಟ್ಟೆಯಲ್ಲಿ ಒಂದು ಮಾದರಿ ಕತ್ತರಿಸಿ, ಪಿನ್ನು ಹಾಕಿ ತೊಟ್ಟು ನೋಡಿ. ಮೆತ್ತನೆಯ ಬಟ್ಟೆ ಹಿಗ್ಗಿ ತಪ್ಪನ್ನು ಮುಚ್ಚಿಬಿಡುತ್ತದೆ. ಸೊಂಟವನ್ನು ಮೇಲೆ ಕೆಳಗೆ ಕುಕ್ಕಿ, ಎಂಟರ ಆಕಾರದಲ್ಲಿ ತಿರುಗಿಸಿ, ಒಂದು ನಿಮಿಷ ಶಿಮ್ಮಿ, ಅಂದರೆ ಸೊಂಟದ ವೇಗದ ನಡುಕ, ಮಾಡಿ, ಕುರ್ಚಿಯ ಮೇಲೆ ಕೂತೇಳಿ. ಮೇಲಂಚಿನಲ್ಲಿ ಒಂದು ಬೆರಳು ಬಿಗಿಯಾಗಿ ಹೋದರೆ ಸರಿ. ಎರಡು ಬೆರಳು ಸಲೀಸಾಗಿ ಹೋಗುವಲ್ಲಿ ಚಿವುಟಿ ಪಿನ್ನು ಹಾಕಿ, ಅದೇ ಜಾಗದಲ್ಲಿ ಕಾಗದವನ್ನೂ ತಿದ್ದಿ. ಕೆಳ ಅಂಚು ಗೀರು ಬೀಳಿಸಿದರೆ ಅಲ್ಲಿ ಕಾಲು ಇಂಚು ಬಿಚ್ಚಿ.

ಗಟ್ಟಿ ತಳ

ಎರಡು ಪದರ ಕಾಟನ್ ಡ್ರಿಲ್ (ದಪ್ಪ, ಗಟ್ಟಿ ನೇಯ್ಗೆಯ ಹತ್ತಿ ಬಟ್ಟೆ), ನಡುವೆ ಇಸ್ತ್ರಿಗೆ ಅಂಟುವ ನೇಯ್ದ ಕ್ಯಾನ್ವಾಸ್. ಗಂಜಿ ಹಾಕಿದ ಅಗ್ಗದ ಬಕ್ರಂ ತರಬೇಡಿ. ಅಂಗಡಿಯಲ್ಲಿ ಹಲಗೆಯಂತೆ ಕಂಡರೂ ಬೆವರು ತಾಗಿದರೆ ಹಪ್ಪಳ ನೆನೆದಂತೆ ಮೆತ್ತಗಾಗಿ ಮಡಿಕೆ ಬೀಳುತ್ತದೆ. ಬಟ್ಟೆಯ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆ, ಸೊಂಟವನ್ನು ಸುತ್ತುವಂತೆ ಕತ್ತರಿಸಿ, ಏಕೆಂದರೆ ಹಾಸು ಅಡ್ಡ ಎಳೆಯಾದ ಹೊಕ್ಕಿಗಿಂತ ಕಡಿಮೆ ಹಿಗ್ಗುತ್ತದೆ. ಪಕ್ಕದ ತುದಿಗಳಲ್ಲಿ, ಮುಂದಿನ ತುಂಡು ಹಿಂದಿನದರ ಮೇಲೆ ಬರಲು ಎರಡು ಇಂಚು ಹೆಚ್ಚಿಗೆ ಬಿಡಿ. ಪದರಗಳನ್ನು ಅರ್ಧ ಇಂಚಿಗೊಂದು ಸಾಲಿನಂತೆ ಮೆಷಿನ್ ಹೊಲಿಗೆ ಹಾಕಿ ಒಂದಾಗಿಸಿ.

ಮೇಲಂಚು ಬಾಗಿರುವುದರಿಂದ ಅಲ್ಲಲ್ಲಿ ಬಟ್ಟೆ ಓರೆ ಎಳೆಗೆ ಬಂದು ಹಿಗ್ಗುತ್ತದೆ. ಕಾಲು ಇಂಚಿನ ಹತ್ತಿಯ ಟೇಪನ್ನು ಹಿಂಭಾಗಕ್ಕೆ ಸರಿಯಾಗಿ 20½ ಇಂಚು ಕತ್ತರಿಸಿ, ಅಂಚಿನುದ್ದಕ್ಕೂ ಹೊಲಿಯಿರಿ. ಇದೊಂದನ್ನು ಬಿಟ್ಟರೆ ಹತ್ತು ಕಾರ್ಯಕ್ರಮದಲ್ಲಿ ಬೆಲ್ಟ್ ಸಡಿಲ. ಪಕ್ಕಗಳಲ್ಲಿ ಎಲಾಸ್ಟಿಕ್ ಬೇಡವೇ ಬೇಡ. ಮಣಿಯ ಭಾರಕ್ಕೆ ಅದು ಜೋಲುತ್ತದೆ, ಸೊಂಟ ಕುಕ್ಕಿದ ಮೇಲೆ ಬೆಲ್ಟ್ ತಡವಾಗಿ ಕುಕ್ಕುತ್ತದೆ.

ಹೊದಿಕೆ, ಮಣಿ, ಝಾಲರು

ಹೊದಿಕೆಗೆ ಲೈಕ್ರಾ ಅಥವಾ ಲೈಕ್ರಾ ವೆಲ್ವೆಟ್ ಸುಲಭ. ಬಾಗಿನ ಮೇಲೆ ನೆರಿಗೆಯಿಲ್ಲದೆ ಕೂರುತ್ತದೆ. ಬೆಂಗಳೂರಿನವರಿಗೆ ಬಟ್ಟೆ, ಲೇಸು, ಚಮಕಿ ಚಿಕ್ಕಪೇಟೆಯಲ್ಲೇ ಸಿಗುತ್ತವೆ. ಬಿಸಿ ಅಂಟಿನ ಗನ್ನನ್ನು ದೂರವಿಡಿ: ಅಂಟು ಬಾಗಿದಾಗ ಬಿರಿಯುತ್ತದೆ, ಅದರ ಮೂಲಕ ಸೂಜಿಯೂ ಇಳಿಯುವುದಿಲ್ಲ. ಮೇಣ ಸವರಿದ ಜೋಡಿ ದಾರದಲ್ಲಿ ತಳದವರೆಗೂ ಸೂಜಿ ಹಾಯಿಸಿ ಮಣಿ ಕೂರಿಸಿ, ಐದಾರು ಮಣಿಗೊಂದು ಗಂಟು ಹಾಕಿ. ಹೀಗಾದರೆ ದಾರ ಹರಿದರೂ ವೇದಿಕೆಯ ತುಂಬ ಮಣಿ ಉರುಳುವುದಿಲ್ಲ.

ಅಂಗಡಿಯ ಝಾಲರು ನೇರ ಟೇಪಿನ ಮೇಲಿರುತ್ತದೆ, ನಿಮ್ಮ ಕೆಳ ಅಂಚು ಬಾಗಿದೆ. ಎಳೆದು ಹೊಲಿದರೆ ಅಂಚು ಸುಕ್ಕುಗಟ್ಟುತ್ತದೆ. ಮೂರು ನಾಲ್ಕು ಇಂಚಿನ ತುಂಡುಗಳಾಗಿ ಕತ್ತರಿಸಿ, ಬೆಲ್ಟ್ ಮೈಮೇಲಿರುವಾಗಲೇ ಗುರುತು ಹಾಕಿ, ಆಮೇಲೆ ಹೊಲಿಯಿರಿ. ಕತ್ತರಿಸಿದ ಕಡೆ ದಾರಕ್ಕೆ ಗಂಟು ಹಾಕುವುದು ಮರೆಯಬೇಡಿ.

ಹುಕ್ಕು ಕೊನೆಗೆ

ಒತ್ತಾದ ಮಣಿಕೆಲಸ ಬಟ್ಟೆಯನ್ನು ಎಳೆದುಕೊಂಡು ಬೆಲ್ಟನ್ನು ತುಸು ಕುಗ್ಗಿಸುತ್ತದೆ. ಮೊದಲೇ ಹುಕ್ಕು ಹಾಕಿದವರು ಕೊನೆಯಲ್ಲಿ ಬಿಚ್ಚುತ್ತಾರೆ. ಮಣಿ ಮುಗಿದ ಮೇಲೆ ಮತ್ತೊಮ್ಮೆ ತೊಟ್ಟು, ಪ್ರತಿ ಪಕ್ಕಕ್ಕೂ ಎರಡೆರಡು ದೊಡ್ಡ ಪ್ಯಾಂಟ್ ಹುಕ್ಕು ಹಾಕಿ. ಅವು ಸಿಕ್ಕುವ ಪಟ್ಟಿಗಳನ್ನು ಅರ್ಧ ಇಂಚು ಅಂತರದಲ್ಲಿ ಎರಡು ಸಾಲು ಕೂರಿಸಿ. ಮುಟ್ಟಿನ ದಿನಗಳಲ್ಲಿ ಮೈ ಉಬ್ಬರಿಸಿದಾಗ ಹೊರಗಿನ ಸಾಲು ಕೈಹಿಡಿಯುತ್ತದೆ. ಮೂಲೆ ಏಳದಂತೆ ಒಂದೊಂದು ಟಿಚ್ ಬಟನ್. ಹುಕ್ಕಿನ ಹಿಂದೆ ಒಂದು ಇಂಚಿನ ಬಟ್ಟೆಯ ನಾಲಿಗೆ ಇರಲೇಬೇಕು, ಪಕ್ಕಕ್ಕೆ ಬಾಗಿದಾಗ ಮಾಂಸ ಹುಕ್ಕಿನ ನಡುವೆ ಸಿಕ್ಕಿಕೊಳ್ಳುವುದು ಅಲ್ಲೇ.

ಒಳಗೆ ಕಾಟನ್ ಪಾಪ್ಲಿನ್ ಲೈನಿಂಗ್, ಸುತ್ತಲೂ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಚಿಕ್ಕದಾಗಿ ಕತ್ತರಿಸಿ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಸ್ಯಾಟಿನ್ ಲೈನಿಂಗ್ ಬೆವರಿನ ಮೇಲೆ ಜಾರುತ್ತದೆ. ಕುಣಿಯುವ ದಿನ ಮುಂದೆ, ಹಿಂದೆ, ಎರಡು ಪಕ್ಕಗಳಲ್ಲಿ ಒಂದೊಂದು ಸೇಫ್ಟಿ ಪಿನ್ನಿನಿಂದ ಬೆಲ್ಟನ್ನು ಲಂಗಕ್ಕೆ ಸೇರಿಸಿ, ಪಿನ್ನಿನ ಮೊನೆ ಹೊರಮುಖವಾಗಿರಲಿ.