ಹೈಡ್ರಾಲಿಕ್ ಕ್ಲಚ್ ಸೋರುತ್ತಿದೆಯಾ? ಬಿಚ್ಚುವ ಮುಂಚೆ ಎಲ್ಲಿಂದ ಅಂತ ನೋಡಿ

ದೂರದ ಪ್ರಯಾಣಕ್ಕೆ ಅಂತಲೇ ಮಾಡಿದ ದೊಡ್ಡ ಬೈಕ್‌ಗಳಲ್ಲಿ ಕ್ಲಚ್ ಕೇಬಲ್ ಬದಲು ಹೈಡ್ರಾಲಿಕ್ ಲೈನ್ ಇರುವುದು ಸಾಮಾನ್ಯ. ವರ್ಷಗಟ್ಟಲೆ ಏನೂ ತೊಂದರೆ ಕೊಡುವುದಿಲ್ಲ, ಹಾಗಾಗಿ ಅದು ಇದೆ ಅನ್ನುವುದೇ ಮರೆತುಹೋಗುತ್ತದೆ. ಆಮೇಲೆ ಒಂದು ದಿನ ಲಿವರ್ ಮೆತ್ತಗಾಗುತ್ತದೆ. ನ್ಯೂಟ್ರಲ್ ಸಿಗುವುದಿಲ್ಲ. ಲಿವರ್ ಪೂರ್ತಿ ಹಿಡಿದಿದ್ದರೂ ಗೇರ್ ಹಾಕಿದ ತಕ್ಷಣ ಬೈಕ್ ಮುಂದಕ್ಕೆ ಎಳೆಯುತ್ತದೆ.

ಆಗ ಹೆಚ್ಚಿನವರು ಮಾಡುವುದು ಒಂದೇ: ಹ್ಯಾಂಡಲ್ ಮೇಲಿನ ಫ್ಲೂಯಿಡ್ ಡಬ್ಬಿಯ ಮುಚ್ಚಳ ತೆಗೆದು ಫ್ಲೂಯಿಡ್ ತುಂಬಿ ಹೊರಟುಬಿಡುವುದು. ಅದು ರಿಪೇರಿ ಅಲ್ಲ. ಬ್ರೇಕ್‌ನಲ್ಲಿ ಪ್ಯಾಡ್ ಸವೆದಂತೆ ಮಟ್ಟ ತಾನಾಗಿಯೇ ಸ್ವಲ್ಪ ಇಳಿಯುತ್ತದೆ, ಆದರೆ ಕ್ಲಚ್‌ನಲ್ಲಿ ಸಾಮಾನ್ಯವಾಗಿ ಉಲ್ಟಾ. ಪ್ಲೇಟ್‌ಗಳು ಸವೆದ ಹಾಗೆ ಪುಶ್ ರಾಡ್ (ಕ್ಲಚ್ ಬಿಡಿಸುವ ಕಡ್ಡಿ) ಸ್ಲೇವ್ ಪಿಸ್ಟನ್ನನ್ನು, ಅಂದರೆ ಫ್ಲೂಯಿಡ್ ಒತ್ತಡಕ್ಕೆ ಆ ಕಡ್ಡಿಯನ್ನು ತಳ್ಳುವ ಕೆಳಗಿನ ಸಿಲಿಂಡರಿನ ಪಿಸ್ಟನ್ನನ್ನು, ಒಳಕ್ಕೆ ತಳ್ಳುತ್ತಾ ಬರುತ್ತದೆ, ಅಲ್ಲಿದ್ದ ಫ್ಲೂಯಿಡ್ ಮೇಲಿನ ಡಬ್ಬಿಗೆ ವಾಪಸ್ ಬರುತ್ತದೆ, ಮಟ್ಟ ಏರುತ್ತದೆ. ಹಾಗಾಗಿ ಕ್ಲಚ್ ಡಬ್ಬಿಯಲ್ಲಿ ಮಟ್ಟ ಇಳಿದಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಡಬ್ಬಿಯನ್ನು ಅಂಚಿನವರೆಗೂ ತುಂಬಬೇಡಿ ಅನ್ನುವುದಕ್ಕೂ ಇದೇ ಕಾರಣ, ಏರುವುದಕ್ಕೆ ಜಾಗ ಬೇಕು ಅಲ್ವಾ.

ಸೋರುವ ಜಾಗಗಳು ಹೆಚ್ಚೇನಿಲ್ಲ. ಲಿವರ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಹ್ಯಾಂಡಲ್ ಮೇಲಿನ ಮಾಸ್ಟರ್ ಸಿಲಿಂಡರ್, ಲೈನಿನ ಎರಡು ತುದಿಯ ಬಾಂಜೋ ಬೋಲ್ಟ್ (ಫ್ಲೂಯಿಡ್ ಹಾಯಲು ಒಳಗೆ ತೂತಿರುವ ಬೋಲ್ಟ್), ಲೈನು, ಕೆಳಗೆ ಎಂಜಿನ್ ಪಕ್ಕದ ಸ್ಲೇವ್ ಸಿಲಿಂಡರ್. ಮೊದಲು ಇವೆಲ್ಲವನ್ನೂ ಒರೆಸಿ ಒಣಗಿಸಿ, ಬಿಳಿ ಪೇಪರ್ ಸುತ್ತಿ, ಲಿವರನ್ನು ಇಪ್ಪತ್ತು ಮೂವತ್ತು ಸಲ ಹಿಡಿದು ಬಿಡಿ. ಲಿವರ್ ಹತ್ತಿರದ ರಬ್ಬರ್ ಬೂಟನ್ನು ಎತ್ತಿ ನೋಡಿ. ಅಲ್ಲಿ ಒದ್ದೆ ಇದ್ದರೆ ಮಾಸ್ಟರ್‌ನ ಸೀಲ್ ಹೋಗಿದೆ. ಆದರೆ ನನ್ನ ಅನುಭವದಲ್ಲಿ ಹೆಚ್ಚಾಗಿ ಸೋರುವುದು ಸ್ಲೇವ್. ಅದು ಕೆಳಗಿರುತ್ತದೆ, ಬಿಸಿಯಲ್ಲಿರುತ್ತದೆ, ಚೈನ್ ಇರುವ ಬೈಕ್‌ಗಳಲ್ಲಿ ಎಷ್ಟೋ ಸಲ ಮುಂದಿನ ಸ್ಪ್ರಾಕೆಟ್ ಪಕ್ಕದಲ್ಲೇ ಕೂತು ಅಷ್ಟೂ ಕೊಳೆ ತಿನ್ನುತ್ತಿರುತ್ತದೆ.

ಇಲ್ಲಿ ಒಂದು ಗೊಂದಲ ಆಗುತ್ತದೆ. ಸ್ಲೇವ್ ಹಿಂದೆ ಪುಶ್ ರಾಡ್ ಎಂಜಿನ್ ಒಳಗೆ ಹೋಗುವ ಕಡೆ ಇನ್ನೊಂದು ಆಯಿಲ್ ಸೀಲ್ ಇರುತ್ತದೆ. ಅದು ಹೋದರೂ ಅದೇ ಜಾಗದಿಂದ ತೊಟ್ಟಿಕ್ಕುತ್ತದೆ, ಆದರೆ ಬರುವುದು ಎಂಜಿನ್ ಆಯಿಲ್. ಸಂಶಯ ಇದ್ದರೆ ತೊಟ್ಟಿಕ್ಕಿದ್ದನ್ನು ಒಂದು ಲೋಟ ನೀರಿಗೆ ಹಾಕಿ. ಡಾಟ್ 4, ಅಂದರೆ ಬ್ರೇಕ್, ಕ್ಲಚ್‌ಗೆ ಸಾಮಾನ್ಯವಾಗಿ ಹಾಕುವ ಫ್ಲೂಯಿಡ್ ಆದರೆ ನೀರಲ್ಲಿ ಕರಗುತ್ತದೆ. ಎಂಜಿನ್ ಆಯಿಲ್ ಆದರೆ ತೇಲುತ್ತದೆ. ಸುಮ್ನೆ ಊಹೆ ಮಾಡಿ ತಪ್ಪು ಸಾಮಾನು ತರಿಸುವುದಕ್ಕಿಂತ ಈ ಎರಡು ನಿಮಿಷದ ಕೆಲಸ ಮೇಲು.

ಈಗ ಫ್ಲೂಯಿಡ್ ಬಗ್ಗೆ, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಎಲ್ಲರೂ ಬ್ರೇಕ್ ಆಯಿಲ್ ಅಂತ ಕರೆದರೂ ಡಾಟ್ 4 ಆಯಿಲ್ ಅಲ್ಲ, ಅದು ಗ್ಲೈಕಾಲ್ ಜಾತಿಯದು. ಕೆಲವು ಬೈಕ್‌ಗಳ ಕ್ಲಚ್‌ಗೆ ಮಾತ್ರ ಮಿನರಲ್ ಆಯಿಲ್ ಹಾಕಬೇಕು. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಸೀಲ್‌ಗಳು ಊದಿಕೊಂಡು ಹಾಳಾಗುತ್ತವೆ, ಆಮೇಲೆ ಮೇಲಿಂದ ಕೆಳಗಿನವರೆಗೆ ರಬ್ಬರ್ ಎಲ್ಲ ಬದಲಾಯಿಸಬೇಕು. ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ, ಅದನ್ನೇ ಹಾಕಿ. ಡಾಟ್ 5 ಸಿಲಿಕೋನ್, ಅದೂ ಬೇರೆಯೇ ವಸ್ತು, ಡಾಟ್ 4 ಜೊತೆ ಬೆರೆಸುವ ಹಾಗಿಲ್ಲ.

ಕೆಲಸ ಶುರು ಮಾಡುವ ಮುಂಚೆ ಟ್ಯಾಂಕ್ ಮತ್ತು ಫೇರಿಂಗ್ ಮೇಲೆ ದಪ್ಪ ಬಟ್ಟೆ ಹೊದಿಸಿ, ಒಂದು ಬಕೆಟ್ ನೀರು ಹತ್ತಿರ ಇಟ್ಟುಕೊಳ್ಳಿ. ಡಾಟ್ 4 ಪೇಂಟ್ ತಿನ್ನುತ್ತದೆ. ಒಂದು ಹನಿ ಬಿದ್ದರೂ ಒರೆಸುತ್ತಾ ಕೂರಬೇಡಿ, ತಕ್ಷಣ ನೀರು ಸುರಿಯಿರಿ. ಸೀಲ್ ಕಿಟ್, ಬಾಂಜೋಗೆ ಹೊಸ ವಾಷರ್‌ಗಳು, ತೆರೆಯದ ಹೊಸ ಫ್ಲೂಯಿಡ್ ಬಾಟಲಿ, ನಿಪ್ಪಲ್‌ಗೆ (ಸ್ಲೇವ್ ಮೇಲಿನ ಗಾಳಿ ತೆಗೆಯುವ ಸಣ್ಣ ತಿರುಪು) ಬಿಗಿಯಾಗಿ ಕೂರುವ ಪಾರದರ್ಶಕ ಪೈಪು, ಒಂದು ದೊಡ್ಡ ಸಿರಿಂಜ್ ಸಾಕು.

ಸ್ಲೇವ್ ಸುತ್ತಲಿನ ಕೊಳೆಯನ್ನು ಮೊದಲು ಚೆನ್ನಾಗಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಆ ಮರಳೆಲ್ಲ ಪುಶ್ ರಾಡ್ ಜೊತೆ ಒಳಗೆ ಹೋಗುತ್ತದೆ. ಬಾಂಜೋ ಬೋಲ್ಟನ್ನು ಸ್ಲೇವ್ ಜಾಗದಲ್ಲೇ ಇರುವಾಗ ಒಂದು ಸಲ ಸಡಿಲಿಸಿ ಮತ್ತೆ ಬಿಗಿ ಮಾಡಿಕೊಳ್ಳಿ, ಕೈಯಲ್ಲಿ ಹಿಡಿದು ಸಡಿಲಿಸುವುದು ಕಷ್ಟ. ಆಮೇಲೆ ಸ್ಲೇವ್ ಬೋಲ್ಟ್‌ಗಳನ್ನು ಬಿಚ್ಚಿ ಲೈನ್ ಸಮೇತ ಹೊರಗೆ ತಂದು, ಒಂದು ಡಬ್ಬದ ಮೇಲೆ ಹಿಡಿದು, ಲಿವರನ್ನು ನಿಧಾನಕ್ಕೆ ಒತ್ತುತ್ತಾ ಹೋಗಿ. ಪಿಸ್ಟನ್ ತಾನಾಗಿಯೇ ಹೊರಬರುತ್ತದೆ. ಕಂಪ್ರೆಸರ್ ಗಾಳಿ ಬಿಟ್ಟರೆ ಗುಂಡಿನ ಹಾಗೆ ಹಾರುತ್ತದೆ, ಆ ದಾರಿ ಬೇಡ. ಪಿಸ್ಟನ್ ಹಿಂದೆ ಸ್ಪ್ರಿಂಗ್ ಇದ್ದರೆ ಯಾವ ತುದಿ ಯಾವ ಕಡೆ ಇತ್ತು, ಸೀಲಿನ ಅಗಲವಾದ ಬಾಯಿ ಯಾವ ಕಡೆ ಇತ್ತು ಅಂತ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಬರುವುದೇ ನಿಜವಾದ ತೀರ್ಮಾನ. ಸಿಲಿಂಡರ್ ಒಳಗೋಡೆಯನ್ನು ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ನೋಡಿ. ಡಾಟ್ 4 ಗಾಳಿಯಲ್ಲಿನ ತೇವ ಹೀರುತ್ತದೆ, ವರ್ಷಗಟ್ಟಲೆ ಬದಲಾಯಿಸದಿದ್ದರೆ ಆ ನೀರು ಒಳಗೇ ಇದ್ದು ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ಬರೀ ಕಪ್ಪು ಕಲೆ, ಕೆಸರು ಇದ್ದರೆ ತೊಳೆದರೆ ಹೋಗುತ್ತದೆ. ಸಣ್ಣ ಸಣ್ಣ ಕುಳಿಗಳಿದ್ದು ಉಗುರಿಗೆ ಸಿಕ್ಕುತ್ತವೆ ಅನ್ನಿಸಿದರೆ ಹೊಸ ಸೀಲ್ ಹಾಕಿ ಪ್ರಯೋಜನ ಇಲ್ಲ. ನಾನೊಮ್ಮೆ ಅಂಥ ಸಿಲಿಂಡರಿಗೆ ಹೊಸ ಸೀಲ್ ಹಾಕಿದ್ದೆ, ಕೆಲವೇ ತಿಂಗಳಲ್ಲಿ ಅದೇ ಜಾಗ ಮತ್ತೆ ಒದ್ದೆಯಾಯಿತು. ಕುಳಿ ಬಿದ್ದಿದ್ದರೆ ಪೂರ್ತಿ ಸ್ಲೇವ್ ಬದಲಾಯಿಸಿ.

ಗೋಡೆ ನುಣುಪಾಗಿದ್ದರೆ ಬ್ರೇಕ್ ಕ್ಲೀನರ್‌ನಲ್ಲಿ ತೊಳೆದು ಒಣಗಿಸಿ. ಪೆಟ್ರೋಲ್, ಡೀಸೆಲ್ ಬೇಡವೇ ಬೇಡ, ಸೀಲ್ ಊದುತ್ತದೆ. ಹೊಸ ಸೀಲಿಗೆ ಹೊಸ ಫ್ಲೂಯಿಡ್ ಸವರಿ ಬೆರಳಿನಿಂದಲೇ ಪಿಸ್ಟನ್‌ಗೆ ಏರಿಸಿ, ಸ್ಕ್ರೂಡ್ರೈವರ್ ತಾಗಿಸಬೇಡಿ. ಸೀಲಿನ ಬಾಯಿ ಫ್ಲೂಯಿಡ್ ಇರುವ ಕಡೆಗೆ ಇರಬೇಕು, ಒತ್ತಡ ಬಂದಾಗ ಆ ಬಾಯಿ ಅರಳಿ ಗೋಡೆಗೆ ಒತ್ತಿಕೊಳ್ಳುತ್ತದೆ. ಪಿಸ್ಟನ್ನನ್ನು ಸ್ವಲ್ಪ ತಿರುಗಿಸುತ್ತಾ ನೇರವಾಗಿ ಒಳಗೆ ತಳ್ಳಿ. ಬೋಲ್ಟ್‌ಗಳ ಟಾರ್ಕ್ ನಿಮ್ಮ ಬೈಕಿನ ಸರ್ವೀಸ್ ಮ್ಯಾನುಯಲ್ ನೋಡಿಯೇ ಹಾಕಿ. ಅಲ್ಯೂಮಿನಿಯಂನಲ್ಲಿರುವ ಬೋಲ್ಟ್ ಥ್ರೆಡ್ ಕಿತ್ತುಬರುವುದಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ.

ಮಾಸ್ಟರ್ ಸೋರುತ್ತಿದ್ದರೂ ಕೆಲಸ ಇದೇ ರೀತಿ, ಪಿಸ್ಟನ್ ಹಿಡಿದಿಡುವ ಕ್ಲಿಪ್ ತೆಗೆಯಲು ಸರ್ಕ್ಲಿಪ್ ಪ್ಲೈಯರ್ ಒಂದು ಜಾಸ್ತಿ ಬೇಕು. ಬಿಚ್ಚಿದ್ದೀರಿ ಅಂದಮೇಲೆ ಡಬ್ಬಿಯ ತಳದಲ್ಲಿರುವ ಸೂಜಿಮೊನೆಯಂಥ ಸಣ್ಣ ರಂಧ್ರವನ್ನು ಖಂಡಿತ ನೋಡಿ. ಅದು ಕಟ್ಟಿಕೊಂಡರೆ ಬಿಸಿಗೆ ಹಿಗ್ಗಿದ ಫ್ಲೂಯಿಡ್ ಮೇಲೆ ಬರಲು ದಾರಿ ಇರುವುದಿಲ್ಲ, ಲಿವರ್ ಬಿಟ್ಟಿದ್ದರೂ ಕ್ಲಚ್ ಸ್ಲಿಪ್ ಆಗಲು ಶುರುವಾಗುತ್ತದೆ.

ಗಾಳಿ ತೆಗೆಯುವುದರಲ್ಲಿ ತಾಳ್ಮೆ ಬೇಕು. ಪೂರ್ತಿ ಖಾಲಿಯಾದ ಲೈನಿಗೆ ಲಿವರ್ ಒತ್ತಿ ಒತ್ತಿ ಫ್ಲೂಯಿಡ್ ಇಳಿಸುವುದು ಬಹಳ ಹೊತ್ತಿನ ಕೆಲಸ. ಗಾಳಿಗೆ ಮೇಲೇರುವುದೇ ಸುಲಭ, ಹಾಗಾಗಿ ನಾನು ಕೆಳಗಿನ ನಿಪ್ಪಲ್‌ನಿಂದ ಸಿರಿಂಜ್‌ನಲ್ಲಿ ಮೇಲಕ್ಕೆ ತುಂಬುತ್ತೇನೆ. ಡಬ್ಬಿ ಉಕ್ಕದ ಹಾಗೆ ಒಬ್ಬರು ಮೇಲೆ ನೋಡುತ್ತಿರಬೇಕು. ಆಮೇಲೆ ಮಾಮೂಲಿ ಕ್ರಮ: ಲಿವರ್ ಹಿಡಿಯಿರಿ, ನಿಪ್ಪಲ್ ಕಾಲು ಸುತ್ತು ಬಿಡಿ, ಗುಳ್ಳೆ ಹೊರಬಂದ ಮೇಲೆ ನಿಪ್ಪಲ್ ಮುಚ್ಚಿ, ಆಮೇಲಷ್ಟೇ ಲಿವರ್ ಬಿಡಿ. ಈ ಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಗೆ. ಡಬ್ಬಿ ಖಾಲಿಯಾಗಲು ಬಿಟ್ಟರೂ ಅಷ್ಟೇ.

ಇಷ್ಟಾದರೂ ಲಿವರ್ ಸ್ವಲ್ಪ ಮೆತ್ತಗಿದ್ದರೆ, ಮಾಸ್ಟರ್ ಹತ್ತಿರದ ಬಾಂಜೋದಲ್ಲಿ ಗುಳ್ಳೆ ಕೂತಿರಬಹುದು. ಹ್ಯಾಂಡಲ್ ತಿರುಗಿಸಿ ಮಾಸ್ಟರ್ ಆದಷ್ಟು ಎತ್ತರಕ್ಕೆ ಬರುವಂತೆ ಬೈಕ್ ನಿಲ್ಲಿಸಿ, ಲಿವರನ್ನು ಹಿಡಿಗೆ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಚ್ಚಿ ನಿಧಾನಕ್ಕೆ ಕೆಲವು ಸಲ ಒತ್ತಿದರೆ ಸಣ್ಣ ಗುಳ್ಳೆಗಳು ಡಬ್ಬಿಗೆ ಬರುವುದು ಕಾಣುತ್ತದೆ. ಆಮೇಲೆ ಮಟ್ಟ ಸರಿ ಮಾಡಿ, ಮುಚ್ಚಳ ಹಾಕಿ, ಸ್ಲೇವ್ ಸುತ್ತ ನೀರು ಹಾಕಿ ತೊಳೆದು ಒಣಗಿಸಿ. ಮೊದಲ ಸವಾರಿ ಹತ್ತಿರದಲ್ಲೇ ಇರಲಿ, ವಾಪಸ್ ಬಂದು ಬೈಕ್ ನಿಲ್ಲಿಸಿದಾಗ ಸ್ಲೇವ್ ಕೆಳಗೆ ಒಂದು ಬಿಳಿ ಪೇಪರ್ ಹಾಸಿಡಿ. ಮರುದಿನ ಅದು ಒಣಗಿದ್ದರೆ ದೂರದ ಪ್ರಯಾಣಕ್ಕೆ ಬ್ಯಾಗ್ ಕಟ್ಟಬಹುದು.