ಹೊರಗಡೆ ಟೀಗೆ ನೀರು ಕಾಯಿಸೋಕೆ ಯಾವ ಸ್ಟವ್ ತಗೋಬೇಕು

ಬರೀ ಟೀ, ಮ್ಯಾಗಿಗೆ ನೀರು ಕುದಿಸೋಕೆ ಅಂದ್ರೆ ದೊಡ್ಡ ಬರ್ನರ್ ಬೇಡ ಗುರು, ಗ್ಯಾಸ್ ಕ್ಯಾನ್ ಮೇಲೆ ಸ್ಕ್ರೂ ಮಾಡೋ ಚಿಕ್ಕ ಸ್ಟವ್ ಸಾಕು. ಕಾರಲ್ಲಿ ಹೋಗೋರಿಗೆ ಕ್ಯಾಸೆಟ್ ಸ್ಟವ್ (ಉದ್ದ ಗ್ಯಾಸ್ ಕ್ಯಾನನ್ನ ಪಕ್ಕದಲ್ಲಿ ಮಲಗಿಸಿ ಹಾಕೋ ಚಪ್ಪಟೆ ಸ್ಟವ್) ಒಳ್ಳೇದು, ಅಗಲವಾಗಿರುತ್ತೆ, ಪಾತ್ರೆ ಅಲ್ಲಾಡಲ್ಲ. ಆದ್ರೆ ಎರಡಕ್ಕೂ ಕ್ಯಾನ್ ಬೇರೆ ಬೇರೆ, ಉದ್ದ ಕ್ಯಾನು ಸ್ಕ್ರೂ ಸ್ಟವ್‌ಗೆ ಅಡಾಪ್ಟರ್ ಇಲ್ದೆ ಕೂರಲ್ಲ, ನೋಡ್ಕೊಂಡು ತಗೊಳ್ಳಿ.

ಗ್ಯಾಸ್ ವಿಷ್ಯ ಮುಖ್ಯ. ಉದ್ದ ಕ್ಯಾನಲ್ಲಿ ಸಾಮಾನ್ಯವಾಗಿ ಬ್ಯೂಟೇನ್ ಇರೋದು, ಸಕಲೇಶಪುರ, ಕೊಡಗಿನ ಚಳಿಗೆಲ್ಲ ಏನೂ ತೊಂದ್ರೆ ಇಲ್ಲ, ಆದ್ರೆ ಹಿಮಾಲಯಕ್ಕೆ ಒಯ್ದ್ರೆ ಸೊನ್ನೆ ಡಿಗ್ರಿ ಹತ್ರ ಅದು ಆವಿನೇ ಆಗಲ್ಲ, ಕ್ಯಾನ್ ತುಂಬಿದ್ರೂ ಉರಿ ಬರಲ್ಲ. ಅಲ್ಲಿಗೆ ಐಸೊಬ್ಯೂಟೇನ್-ಪ್ರೊಪೇನ್ ಮಿಕ್ಸ್ ಬೇಕು, ಅದನ್ನೂ ಅಲ್ಲೇ ತಗೊಳ್ಳಿ ಯಾಕಂದ್ರೆ ಫ್ಲೈಟಲ್ಲಿ ಚೆಕ್-ಇನ್ ಬ್ಯಾಗಲ್ಲೂ ಬಿಡಲ್ಲ, ಟ್ರೈನಲ್ಲೂ ಒಯ್ಯೋ ಹಾಗಿಲ್ಲ.

ಗಾಳಿ ಇದ್ರೆ ಅರ್ಧ ಗ್ಯಾಸ್ ಸುಮ್ನೆ ಹೋಗುತ್ತೆ, ಮುಚ್ಚಳ ಹಾಕಿ ಕಾಯ್ಸಿ. ಗಾಳಿಗೆ ಅಡ್ಡ ಇಡಿ, ಆದ್ರೆ ಕ್ಯಾನ್ ಸುತ್ತ ಪೂರ್ತಿ ಮುಚ್ಬೇಡಿ, ಬಿಸಿಯಾಗಿ ಸಿಡಿಯುತ್ತೆ. ಟೆಂಟ್ ಒಳಗಂತೂ ಹಚ್ಚಲೇಬೇಡಿ, ಉರಿಯಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇಲ್ಲ, ಗೊತ್ತೇ ಆಗಲ್ಲ. ಇನ್ನು ಸ್ಪಿರಿಟ್ ಸ್ಟವ್ ಹಗುರ, ಸದ್ದಿಲ್ಲ, ಆದ್ರೆ ಹಗಲಲ್ಲಿ ಅದ್ರ ಉರಿ ಕಣ್ಣಿಗೇ ಕಾಣಲ್ಲ, ಮಕ್ಕಳು ಜೊತೆಗಿದ್ರೆ ನಾನಂತೂ ಬೇಡ ಅಂತೀನಿ. ಕಾಡಿನ ಟ್ರೆಕ್ ಆದ್ರೆ ಸ್ಟವ್ ಹಚ್ಚೋಕೆ ಬಿಡ್ತಾರಾ ಅಂತ ಫಾರೆಸ್ಟ್‌ನೋರನ್ನ ಮೊದ್ಲೇ ಕೇಳ್ಕೊಳ್ಳಿ, ಇಲ್ಲಾಂದ್ರೆ ಫ್ಲಾಸ್ಕೇ ಗತಿ.