ಮನೆಯ ಕಂಪ್ಯೂಟರ್ ರಾತ್ರಿಯೂ ಆನ್ ಇರಬೇಕಾ?

ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ಹಳ್ಳಿಯಲ್ಲಿದೆ. ಮಗಳ ಓದಿಗೆಂದು ತಂದ ಡೆಸ್ಕ್‌ಟಾಪ್ ಎರಡು ವರ್ಷ ಹಗಲೂ ರಾತ್ರಿ ಆನ್ ಇತ್ತು. ಒಂದು ದಿನ ಕೂತು ಲೆಕ್ಕ ಹಾಕಿದೆ.

ನೀವೂ ಹಾಕಿ. ಸುಮ್ನೆ ಆನ್ ಇದ್ದಾಗ ನಮ್ಮದಕ್ಕೆ ಸುಮಾರು 60 ವ್ಯಾಟ್ ಬೇಕು. ಅಂದರೆ ದಿನಕ್ಕೆ 1.44 ಯೂನಿಟ್, ತಿಂಗಳಿಗೆ 43. ದಿನಕ್ಕೆ 4 ಗಂಟೆ ಮಾತ್ರ ಆನ್ ಇದ್ದರೆ ತಿಂಗಳಿಗೆ 7 ಯೂನಿಟ್ ಸಾಕು. ಇಷ್ಟು ವ್ಯತ್ಯಾಸ ಸಣ್ಣದಲ್ಲ, ಅಲ್ವಾ?

ಊಟಕ್ಕೋ ಕಾಫಿಗೋ ಎದ್ದರೆ ಸ್ಲೀಪ್ ಸಾಕು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪವರ್‌ಗೆ ಹೋಗಿ 15 ನಿಮಿಷ ಮುಟ್ಟದಿದ್ದರೆ ಸ್ಲೀಪ್ ಆಗಲಿ ಅಂತ ಇಡಿ. ಆದರೆ ಸ್ಲೀಪ್‌ನಲ್ಲಿ ನಿಮ್ಮ ಕೆಲಸ, ಕರೆಂಟ್ ಇರುವವರೆಗೆ ಮಾತ್ರ ಉಳಿಯುವ ಮೆಮೊರಿಯಾದ ರ‍್ಯಾಮ್‌ನಲ್ಲಿ ಇರುತ್ತದೆ. ಕರೆಂಟ್ ಹೋದರೆ ಸೇವ್ ಮಾಡದ್ದು ಹೋಯಿತು. ಆದ್ದರಿಂದ ಮಲಗುವ ಮುಂಚೆ ಎಲ್ಲ ಸೇವ್ ಮಾಡಿ ಶಟ್‌ಡೌನ್ ಮಾಡಿ. ದಿನಾ ಆಫ್ ಮಾಡಿದರೆ ಹಾಳಾಗುತ್ತದೆ ಎನ್ನುವ ಭಯ ಬೇಡ. ವಾರಕ್ಕೊಮ್ಮೆ ರೀಸ್ಟಾರ್ಟ್ ಕೂಡ ಮಾಡಿ. ಬೇಗ ಆನ್ ಆಗಲೆಂದು ವಿಂಡೋಸ್‌ನ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಉಳಿಸಿಡುವ ಫಾಸ್ಟ್ ಸ್ಟಾರ್ಟಪ್ ಸೆಟ್ಟಿಂಗ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ, ರೀಸ್ಟಾರ್ಟ್ ಮಾಡಿದರೆ ಆಗುತ್ತದೆ.

ಮಲೆನಾಡಿನವರಿಗೆ ಇದಕ್ಕಿಂತ ಮುಖ್ಯ ಸಿಡಿಲು. ಏಪ್ರಿಲ್, ಮೇ ಸಂಜೆ ಮೋಡ ಕಟ್ಟಿತೆಂದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಿ. ಇಂಟರ್ನೆಟ್ ಕೇಬಲ್ಲನ್ನೂ ಕಿತ್ತಿಡಿ. ನಾವು ಪ್ಲಗ್ ಮಾತ್ರ ಕಿತ್ತಿದ್ದೆವು. ಸಿಡಿಲು ಕೇಬಲ್ಲಿನಿಂದ ಬಂದು ಅದನ್ನು ಸಿಕ್ಕಿಸುವ ಲ್ಯಾನ್ ಪೋರ್ಟ್ ಸುಟ್ಟಿತು. ಗುಡುಗು ಹತ್ತಿರ ಬಂದ ಮೇಲೆ ವೈರ್ ಮುಟ್ಟಲು ಹೋಗಬೇಡಿ, ಮೊದಲೇ ತೆಗೆದಿಡಿ.

ಅಂಗಳದ ಕ್ಯಾಮೆರಾ ಕಂಪ್ಯೂಟರ್‌ನಲ್ಲೇ ರೆಕಾರ್ಡ್ ಆಗುತ್ತಿದ್ದರೆ ಕಂಪ್ಯೂಟರ್ ಆನ್ ಇರಲೇಬೇಕು. ಆಗ ಮಾನಿಟರ್ ಆದರೂ ಆರಿಸಿ.